ಎಲ್‌ಪಿಕ್ಯೂ, ಎಲ್‌ಪಿಸ್ಟಾಟ್: ಮೆಟ್ಟಿಲು ಇಳಿಯುವ ಮೊದಲು ಯಾವುದನ್ನು ಕೇಳಬೇಕು?

ನಾನು ಕೂರುವುದು ಎರಡನೇ ಮಹಡಿಯಲ್ಲಿ. ಪ್ರಿಂಟರ್ ಇರುವುದು ಕೆಳಗೆ. ಪ್ರಿಂಟ್ ಕೊಟ್ಟು ಇಳಿದು ಹೋದರೆ ಟ್ರೇ ಖಾಲಿ. ಯಾರದೋ ದೊಡ್ಡ ಪಿಡಿಎಫ್ ನಮ್ಮ ಮುಂದೆ ಕೂತಿರುತ್ತದೆ. ಹೀಗೆ ನಾಲ್ಕು ಸಲ ಹತ್ತಿ ಇಳಿದ ಮೇಲೆ ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಹೊಡೆಯುವ ಕಿಟಕಿಯಲ್ಲೇ, ವಿಚಾರಿಸುವುದು ಕಲಿತೆ. ಪ್ರಿಂಟ್ ಸಾಲು ಎಲ್ಲಿಗೆ ಬಂದಿದೆ ಅಂತ ಕೇಳಲು ಎರಡು ಕಮಾಂಡ್‌ಗಳಿವೆ: ಎಲ್‌ಪಿಕ್ಯೂ (lpq), ಎಲ್‌ಪಿಸ್ಟಾಟ್ (lpstat). ನನ್ನದು ಉಬುಂಟು ಯಂತ್ರ, ಅಂದರೆ ಲಿನಕ್ಸ್.

ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಪ್ರಿಂಟ್ ಕೆಲಸ ನೋಡಿಕೊಳ್ಳುವುದು ಕಪ್ಸ್ (CUPS) ಅನ್ನುವ ತಂತ್ರಾಂಶ. ಅದು ಈ ಎರಡೂ ಕಮಾಂಡ್‌ಗಳನ್ನು ಇಟ್ಟುಕೊಂಡಿದೆ. ಎಲ್‌ಪಿಕ್ಯೂ ಬರ್ಕ್ಲಿ ಯುನಿಕ್ಸ್ ಮನೆಯದು, ಎಲ್‌ಪಿಸ್ಟಾಟ್ ಸಿಸ್ಟಂ ಫೈವ್ ಅನ್ನುವ ಇನ್ನೊಂದು ಯುನಿಕ್ಸ್ ಮನೆಯದು. ಕೇಳುವುದು ಒಂದೇ ಸರ್ವರ್ ಅನ್ನು, ಆದರೆ ಹೇಳುವ ರೀತಿ ಬೇರೆ.

ಮೊದಲು ಹಿಡಿಸಿದ್ದು ಎಲ್‌ಪಿಕ್ಯೂ. ಸುಮ್ನೆ ಹೆಸರು ಹೊಡೆದರೆ ಸಾಕು, ಡೀಫಾಲ್ಟ್ ಪ್ರಿಂಟರ್‌ನ (ಬೇರೆ ಹೆಸರು ಹೇಳದಿದ್ದರೆ ಯಂತ್ರ ಬಳಸುವ ಪ್ರಿಂಟರ್) ಸಾಲಿನಲ್ಲಿರುವ ಎಲ್ಲರ ಕೆಲಸವೂ ಬರುತ್ತದೆ. ಯಾರು ಮುಂದೆ, ಯಾರು ಹಿಂದೆ, ಯಾವ ಫೈಲು, ಎಷ್ಟು ಬೈಟ್. ಈಗ ನಡೆಯುತ್ತಿರುವ ಕೆಲಸದ ಮುಂದೆ 'ಆಕ್ಟಿವ್' ಅಂತಿರುತ್ತದೆ. ಕೊನೆಗೆ ಪ್ಲಸ್ 5 (+5) ಸೇರಿಸಿದರೆ ಐದೈದು ಸೆಕೆಂಡಿಗೆ ತಾನೇ ನೋಡುತ್ತಿರುತ್ತದೆ, ಸಾಲು ಖಾಲಿಯಾದಾಗ ನಿಲ್ಲುತ್ತದೆ. ಮೂಲೆಯ ಕಿಟಕಿಯಲ್ಲಿ ಅದನ್ನು ಬಿಟ್ಟು ನನ್ನ ಕೆಲಸ ಮಾಡಿಕೊಳ್ಳುತ್ತಿದ್ದೆ. ಒಂದೇ ತೊಂದರೆ, ನನ್ನದು ಮುಗಿದರೂ ಬೇರೆಯವರದು ಇದ್ದರೆ ಅದು ನಿಲ್ಲದು.

ಒಂದು ದಿನ ಎಲ್‌ಪಿಕ್ಯೂ 'ನೋ ಎಂಟ್ರೀಸ್' ಅಂದಿತು. ಆಯ್ತು, ಮುಗಿದಿದೆ ಅಂತ ಇಳಿದು ಹೋದೆ. ಟ್ರೇಯಲ್ಲಿ ಒಂದು ಹಾಳೆಯೂ ಇಲ್ಲ. ನಡೆದದ್ದು ಇಷ್ಟೇ: ಬ್ರೌಸರ್‌ನ ಪ್ರಿಂಟ್ ಕಿಟಕಿಯಲ್ಲಿ ಹಳೆಯ ಪ್ರಿಂಟರ್ ಆಯ್ಕೆಯಾಗಿತ್ತು. ನಾನು ನೋಡುತ್ತಿದ್ದದ್ದು ಡೀಫಾಲ್ಟ್ ಸಾಲು. ಎಲ್‌ಪಿಕ್ಯೂಗೆ ಮೈನಸ್ ಎ (-a) ಹಾಕಿದ್ದರೆ ಎಲ್ಲ ಸಾಲೂ ಕಾಣುತ್ತಿತ್ತು. ಹಾಕಬೇಕು ಅನ್ನುವುದು ನೆನಪಿಗೆ ಬರಬೇಕಲ್ವಾ?

ಎಲ್‌ಪಿಸ್ಟಾಟ್ ಇಲ್ಲಿ ಗೆದ್ದಿತು. ಬರೀ ಹೆಸರು ಹೊಡೆದರೆ ನನ್ನ ಕೆಲಸಗಳನ್ನು ಮಾತ್ರ ತೋರಿಸುತ್ತದೆ, ಆದರೆ ಯಾವ ಪ್ರಿಂಟರ್‌ಗೆ ಹೋಗಿದ್ದರೂ ಬಿಡುವುದಿಲ್ಲ. ಕೆಲಸದ ಗುರುತಿನಲ್ಲೇ ಪ್ರಿಂಟರ್ ಹೆಸರು ಸೇರಿರುತ್ತದೆ, ಪಕ್ಕದಲ್ಲಿ ಕಳಿಸಿದ ಹೊತ್ತು. ಮೈನಸ್ ಪಿ (-p) ಕೊಟ್ಟಾಗ ಆ ಹಳೆಯ ಪ್ರಿಂಟರ್ 'ಡಿಸೇಬಲ್ಡ್' ಅಂತ ಬಂತು, ಯಾವಾಗಿನಿಂದ ಅನ್ನುವುದೂ ಜೊತೆಗಿತ್ತು. ಕಪ್ಸ್‌ಎನೇಬಲ್ (cupsenable) ಎಂದು ಹೊಡೆದು, ಮುಂದೆ ಪ್ರಿಂಟರ್ ಹೆಸರು ಕೊಟ್ಟರೆ ನಿಂತ ಸಾಲು ಮತ್ತೆ ಹೊರಡುತ್ತದೆ. ನನ್ನ ಕೆಲಸ ತಪ್ಪಿದ ಜಾಗಕ್ಕೆ ಹೋಗಿತ್ತು, ಹಾಗಾಗಿ ಕ್ಯಾನ್ಸಲ್ ಮಾಡಿ ಮತ್ತೆ ಕಳಿಸಿದೆ.

ಎಲ್‌ಪಿಸ್ಟಾಟ್‌ನ ಕೊರತೆಯೂ ಇದೆ. ಫೈಲಿನ ಹೆಸರು ತೋರಿಸದು. ಐದು ಕೆಲಸ ಕಳಿಸಿದ್ದರೆ ಯಾವುದು ಯಾವುದು ಅಂತ ಸಂಖ್ಯೆ ನೋಡಿ ಊಹಿಸಬೇಕು. ಅಕ್ಷರಗಳ ತಲೆನೋವು ಬೇರೆ. ಎಲ್‌ಪಿಕ್ಯೂನಲ್ಲಿ ದೊಡ್ಡ ಪಿ ಅಂದರೆ 'ಈ ಪ್ರಿಂಟರ್‌ನ ಸಾಲು ತೋರಿಸು'. ಎಲ್‌ಪಿಸ್ಟಾಟ್‌ನಲ್ಲಿ ಸಣ್ಣ ಪಿ ಅಂದರೆ 'ಪ್ರಿಂಟರ್ ಹೇಗಿದೆ ಹೇಳು'. ನಾನು ಈಗಲೂ ತಪ್ಪು ಹೊಡೆಯುತ್ತೇನೆ.

ವಿಂಡೋಸ್ ಯಂತ್ರದಲ್ಲೂ ಒಮ್ಮೆ ನೋಡಿದೆ. ಅಲ್ಲಿನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ಗೆಟ್-ಪ್ರಿಂಟ್‌ಜಾಬ್ (Get-PrintJob) ಇದೆ. ಪ್ರಿಂಟರ್ ಹೆಸರು ಪೂರ್ತಿ ಬರೆಯಬೇಕು, ಕಂಪನಿ ಪ್ರಿಂಟರ್‌ಗಳ ಹೆಸರು ಎಷ್ಟು ಉದ್ದ ಅಂತ ಗೊತ್ತಲ್ಲ. ಆದರೆ ಕಡತದ ಹೆಸರು, ಕಳಿಸಿದ ಹೊತ್ತು, ಸ್ಥಿತಿ, ಮೂರನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಇದು ಲಿನಕ್ಸ್‌ನವರು ಹೊಟ್ಟೆಕಿಚ್ಚು ಪಡುವ ವಿಷಯ.

ಈಗ ನನ್ನ ಪದ್ಧತಿ ಹೀಗಿದೆ: ಮೊದಲು ಎಲ್‌ಪಿಸ್ಟಾಟ್, ಕೆಲಸ ಸರಿಯಾದ ಪ್ರಿಂಟರ್‌ಗೇ ಹೋಗಿದೆಯಾ ಅಂತ. ಆಮೇಲೆ ಎಲ್‌ಪಿಕ್ಯೂ, ಮುಂದೆ ಎಷ್ಟು ಜನ ಅಂತ. ಸಾಲಿನಿಂದ ಕೆಲಸ ಮಾಯವಾದರೆ ಎಲ್‌ಪಿಸ್ಟಾಟ್‌ಗೆ ದೊಡ್ಡ ಡಬ್ಲ್ಯೂ ಹಾಕಿ (-W completed) 'ಕಂಪ್ಲೀಟೆಡ್', ಅಂದರೆ ಮುಗಿದ ಕೆಲಸಗಳ ಪಟ್ಟಿ ನೋಡುತ್ತೇನೆ. ಆದರೆ ಎಷ್ಟೋ ಸಲ ಅದರ ಅರ್ಥ ಕಪ್ಸ್ ತನ್ನ ಕೈಯಿಂದ ಪ್ರಿಂಟರ್‌ಗೆ ದಾಟಿಸಿದೆ ಅನ್ನುವುದಷ್ಟೇ. ಮೊನ್ನೆ ಅಲ್ಲಿ ನನ್ನ ಕೆಲಸ ಮುಗಿದಿತ್ತು, ಕೆಳಗೆ ಹೋದರೆ ಪ್ರಿಂಟರ್‌ನಲ್ಲಿ ಕಾಗದವೇ ಇರಲಿಲ್ಲ. ಒಂದು ರೀಮ್ ತರಲು ಮತ್ತೆ ಮೇಲೆ ಹತ್ತಿದೆ.