ಹಾಟ್‌ಸ್ಪಾಟ್, ಕೈರೂಟರ್, 5ಜಿ ಡಬ್ಬಿ, ಕೇಬಲ್: ಡೊಂಬಿವಲಿಯ ನಮ್ಮ ಮನೆಯಲ್ಲಿ ಯಾವುದು ನಡೆಯಿತು?

ನಮ್ಮ ಮನೆಗೆ ನೆಟ್ ಬೇಕಾಗುವುದು ಮೂರು ಕೆಲಸಕ್ಕೆ. ಬೆಳಿಗ್ಗೆ ನನ್ನ ಆಫೀಸಿನ ವೀಡಿಯೊ ಮೀಟಿಂಗ್. ಸಂಜೆ ಮಗನ ಆನ್‌ಲೈನ್ ಟ್ಯೂಷನ್. ರಾತ್ರಿ ಊಟ ಆದಮೇಲೆ ಅತ್ತೆಯ ಯಕ್ಷಗಾನ. ಯಾವ ನೆಟ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಸ್ಪೀಡ್ ಟೆಸ್ಟ್ ತೋರಿಸುವುದಿಲ್ಲ. ಈ ಮೂರೂ ಕೆಲಸ ನಡುವೆ ನಿಲ್ಲದೆ ಮುಗಿಯಿತಾ ಇಲ್ವಾ, ಅಷ್ಟೇ ಹೇಳುತ್ತೇನೆ.

ಮನೆ ಇರುವುದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ. ಸುತ್ತಲೂ ಅಷ್ಟೇ ಎತ್ತರದ ಬಿಲ್ಡಿಂಗ್‌ಗಳು. ನಮ್ಮ ಕಿಟಕಿಯಲ್ಲಿ ಕೂತರೆ ಪಕ್ಕದವರ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಲೆಕ್ಕ ಹಾಕಬಹುದು. ಇಂಥ ಜಾಗದಲ್ಲಿ ನಾಲ್ಕು ಬಗೆಯ ನೆಟ್ ಬಳಸಿ ನೋಡಿದ್ದೇವೆ: ಫೋನಿನ ಹಾಟ್‌ಸ್ಪಾಟ್, ಸಿಮ್ ಹಾಕುವ ಕೈರೂಟರ್, ಟೆರೇಸಿನ ಮೇಲೆ ಆಂಟೆನಾ ಇಡುವ 5ಜಿ ಡಬ್ಬಿ, ಕೇಬಲ್‌ನವರ ಫೈಬರ್.

ಮೊದಲು ಒಂದು ಲೆಕ್ಕ. ಯೂಟ್ಯೂಬ್‌ನಲ್ಲಿ 1080ಪಿ ವೀಡಿಯೊ ನೋಡಲು ಸುಮಾರು 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ವೇಗ ಸಾಕು. 4ಕೆ ಬೇಕೆಂದರೆ 20. ವೀಡಿಯೊ ಮೀಟಿಂಗ್‌ಗೆ ಮೂರ್ನಾಲ್ಕು ಇದ್ದರೆ ಆಯ್ತು. ನಮ್ಮ ಮೂರೂ ಕೆಲಸ ಒಟ್ಟಿಗೆ ನಡೆದರೂ 20 ದಾಟುವುದಿಲ್ಲ. ಜಾಹೀರಾತಿನಲ್ಲಿ 100, 300, 500 ಎಂದು ದೊಡ್ಡದಾಗಿ ಬರೆಯುತ್ತಾರೆ. ಬರೆಯಲಿ. ನಮ್ಮಂಥ ಮನೆಗಳಲ್ಲಿ ವೇಗ ಸಾಲದೆ ತೊಂದರೆಯಾಗುವುದು ಕಡಿಮೆ. ಇರುವ ವೇಗ ಗಳಿಗೆಗೊಮ್ಮೆ ಕೈ ಕೊಡುವುದೇ ಜಾಸ್ತಿ.

ಹಾಟ್‌ಸ್ಪಾಟ್‌ನಿಂದ ಶುರು ಮಾಡೋಣ. ಖರ್ಚಿಲ್ಲ, ಡ್ರಿಲ್ಲಿಂಗ್ ಇಲ್ಲ, ಯಾರಿಗೂ ಫೋನ್ ಮಾಡಿ ಕಾಯಬೇಕಾಗಿಲ್ಲ. ಬೆಳಿಗ್ಗೆ ಒಬ್ಬರೇ ಒಂದು ಲ್ಯಾಪ್‌ಟಾಪಿಗೆ ಬಳಸಿದರೆ ಏನೂ ತಕರಾರಿಲ್ಲ. ಆದರೆ ನನ್ನ ಫೋನಿನಲ್ಲಿ ಎರಡು ಸಿಮ್. ಡೇಟಾ ಮುಂಬಯಿ ನಂಬರಿನದು. ಇನ್ನೊಂದು ಊರಿನ ನಂಬರ್. ಬ್ಯಾಂಕಿನ ಓಟಿಪಿ, ನೆಂಟರ ಫೋನು ಎಲ್ಲ ಅದಕ್ಕೇ ಬರುವುದು. ಒಂದು ದಿನ ಮೀಟಿಂಗ್‌ನಲ್ಲಿ ತಿಂಗಳ ಬಾಕಿ ಪಟ್ಟಿ ಓದುತ್ತಿದ್ದೆ. ಫೋನು ಅತ್ತೆಯ ಪಕ್ಕ, ಕಿಟಕಿ ಕಟ್ಟೆಯ ಮೇಲಿತ್ತು. ಕುಂದಾಪುರದಿಂದ ಕರೆ ಬಂತು. ಅತ್ತೆ ಎತ್ತಿ ‘ಹಲೋ, ಯಾರದು’ ಎಂದದ್ದೇ ತಡ, ಲ್ಯಾಪ್‌ಟಾಪಿನಲ್ಲಿ ನಮ್ಮ ಮ್ಯಾನೇಜರ್ ಅರ್ಧ ಕಣ್ಣು ಮುಚ್ಚಿದ ಹಾಗೇ ನಿಂತುಬಿಟ್ಟರು. ಅಲ್ಲಿ ಮದುವೆ ಮಾತು ಮುಗಿಯುವವರೆಗೆ ಇಲ್ಲಿ ಮೀಟಿಂಗ್ ಬಂದ್.

ಇದು ನೆಟ್‌ವರ್ಕಿನ ದೋಷವಲ್ಲ. ಹೆಚ್ಚಿನ ಎರಡು ಸಿಮ್ ಫೋನುಗಳಲ್ಲಿ ಎರಡೂ ಸಿಮ್ ಕರೆಗಾಗಿ ಕಾದಿರುತ್ತವೆ, ಆದರೆ ಒಂದರಲ್ಲಿ ಮಾತು ನಡೆಯುವಾಗ ಇನ್ನೊಂದರ ಡೇಟಾ ನಿಲ್ಲುತ್ತದೆ. ಡೇಟಾ ಇರುವ ಸಿಮ್ಮಿಗೇ ವೋಲ್ಟಿ ಕರೆ (4ಜಿ ನೆಟ್‌ವರ್ಕಿನ ಮೇಲೇ ನಡೆಯುವ ಕರೆ) ಬಂದರೆ ಈ ಸಮಸ್ಯೆ ಇಲ್ಲ. ಕೆಲವು ಫೋನುಗಳ ಸೆಟ್ಟಿಂಗ್‌ನಲ್ಲಿ ಕರೆ ಮುಗಿಯುವವರೆಗೆ ಡೇಟಾವನ್ನು ಆ ಇನ್ನೊಂದು ಸಿಮ್ಮಿಗೆ ದಾಟಿಸುವ ಆಯ್ಕೆ ಇರುತ್ತದೆ. ಅದಕ್ಕೆ ಆ ಸಿಮ್ಮಿನಲ್ಲೂ ಡೇಟಾ ಪ್ಯಾಕ್ ಬೇಕು, ಅಂದರೆ ಮತ್ತೆ ಖರ್ಚು.

ಹಾಟ್‌ಸ್ಪಾಟ್‌ನ ಎರಡನೇ ಕಿರಿಕಿರಿ ದಿನದ ಕೋಟಾ. 2024ರ ಜುಲೈಯಲ್ಲಿ ದರ ಏರಿದ ಮೇಲೆ ಅನ್‌ಲಿಮಿಟೆಡ್ 5ಜಿ ಸಿಗುತ್ತಿದ್ದದ್ದು ಹೆಚ್ಚಾಗಿ ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್ ಹಾಕಿಸಿದವರಿಗೆ. ಸರಿ, ಹಾಕಿಸಿದೆವು. ಆದರೆ 5ಜಿ ಹೆಚ್ಚಾಗಿ ಬರುವುದು 3500 ಮೆಗಾಹರ್ಟ್ಸ್ ಆಸುಪಾಸಿನ ತರಂಗದಲ್ಲಿ. ಅದು ಗೋಡೆ ದಾಟುವಾಗ ಬಹಳ ಸೊರಗುತ್ತದೆ. ನಮ್ಮಲ್ಲಿ ಕಿಟಕಿ ಹತ್ತಿರ 5ಜಿ, ಅಡುಗೆಮನೆಗೆ ಬಂದರೆ 4ಜಿ. ಫೋನು ಸದ್ದಿಲ್ಲದೆ 4ಜಿಗೆ ಇಳಿದಾಗ ಆ 2 ಜಿಬಿ ಕರಗತೊಡಗುತ್ತದೆ. ಅದು ಮುಗಿದರೆ 4ಜಿಯಲ್ಲಿ 64 ಕೆಬಿಪಿಎಸ್. ಅದರಲ್ಲಿ ವಾಟ್ಸಾಪ್ ಅಕ್ಷರ ಹೋಗುತ್ತದೆ, ಫೋಟೋ ಮಿಸುಕುವುದಿಲ್ಲ.

ಕೈರೂಟರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದರಲ್ಲಿ ಬೇರೆಯೇ ಸಿಮ್ ಇರುವುದರಿಂದ ಯಾರ ಕರೆ ಬಂದರೂ ಮೀಟಿಂಗ್ ನಿಲ್ಲುವುದಿಲ್ಲ. ಫೋನೂ ಬಿಸಿಯಾಗುವುದಿಲ್ಲ. ಆದರೆ ಅಗ್ಗಕ್ಕೆ ಸಿಗುವವೆಲ್ಲ 4ಜಿಯವು. ಪೆಟ್ಟಿಗೆ ಮೇಲೆ ಬರೆಯುವ 150 ಎಂಬಿಪಿಎಸ್ ಕಾಗದದ ಲೆಕ್ಕ, ಸಂಜೆ ಹೊತ್ತು ಅದರ ಹತ್ತನೇ ಒಂದು ಪಾಲು ಬಂದರೆ ನಮ್ಮ ಪುಣ್ಯ. ಟವರ್ ಅದೇ, ಗದ್ದಲವೂ ಅದೇ ಅಲ್ವಾ? ಇಡೀ ದಿನ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬಬಹುದು, ಹಿಂದಿನ ಮುಚ್ಚಳ ಎದ್ದು ಬಂದರೆ ಮತ್ತೆ ಬಳಸಬೇಡಿ. ಈಗ ನಮ್ಮದು ರೈಲಿನ ಬ್ಯಾಗಿನಲ್ಲಿದೆ. ಊರಿಗೆ ಹೋಗುವಾಗ ಮಗನಿಗೂ ಅವರಪ್ಪನಿಗೂ ಒಂದೇ ಸಿಮ್ಮಿನಲ್ಲಿ ನೆಟ್. ಕೊಂಕಣ ರೈಲಿನಲ್ಲಿ ರತ್ನಾಗಿರಿ ಹತ್ತಿರ ಕರಬುಡೆ ಸುರಂಗವೇ ಆರೂವರೆ ಕಿಲೋಮೀಟರ್. ಅಲ್ಲಿ ಕೈರೂಟರೂ ಒಂದೇ, ದುಬಾರಿ ಫೋನೂ ಒಂದೇ.

ನಿಜವಾದ ಪೈಪೋಟಿ 5ಜಿ ಡಬ್ಬಿಗೂ ಕೇಬಲ್ಲಿಗೂ.

2023ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ದೇಶದ ಎರಡು ದೊಡ್ಡ ಕಂಪನಿಗಳು ಮನೆಗೆ 5ಜಿ ಕೊಡುವ ಈ ಸೇವೆಯನ್ನು ಮುಂಬಯಿಗೆ ತಂದವು. ಟೆರೇಸಿನಲ್ಲೋ ಕಿಟಕಿಯಾಚೆಗೋ ಒಂದು ಆಂಟೆನಾ ಡಬ್ಬಿ. ಅಲ್ಲಿಂದ ಒಂದು ವಯರ್ ಮನೆಯೊಳಗಿನ ರೂಟರಿಗೆ. ಡಬ್ಬಿಗೆ ಕರೆಂಟೂ ಅದೇ ವಯರಿನಲ್ಲಿ ಹೋಗುತ್ತದೆ. ಹಾಕಲು ಬಂದ ಹುಡುಗ ಒಂದು ಗಂಟೆಯಲ್ಲಿ ಕೆಲಸ ಮುಗಿಸಿದ. ಅದಕ್ಕೆ ಮುಂಚೆ ಬಿಲ್ಡಿಂಗಿನ ಸೊಸೈಟಿಯ ಒಪ್ಪಿಗೆ ಸಿಗಲು ಹಿಡಿದ ಸಮಯ ಬೇರೆ ಕಥೆ. ಟೆರೇಸಿಗೆ ಆಗಷ್ಟೇ ವಾಟರ್‌ಪ್ರೂಫಿಂಗ್ ಆಗಿತ್ತು. ಸೆಕ್ರೆಟರಿ ಕಾಕಾ ಒಂದೇ ಮಾತು ಹಿಡಿದಿದ್ದರು: ತೂತು ಕೊರೆಯುವ ಹಾಗಿಲ್ಲ. ಕೊನೆಗೆ ನೀರಿನ ಪೈಪಿಗೆ ಕ್ಲ್ಯಾಂಪ್ ಹಾಕಿ ಡಬ್ಬಿ ಕೂರಿಸಿದ್ದಾಯಿತು. ನೀವೂ ಹಾಕಿಸುವುದಾದರೆ ಇದನ್ನು ಮೊದಲೇ ಕೇಳಿಟ್ಟುಕೊಳ್ಳಿ, ಸುಮ್ನೆ ಜಗಳ ಯಾಕೆ?

ಬೆಳಿಗ್ಗೆ ಅದರ ಓಟ ನೋಡಬೇಕು. ಪ್ಲಾನಿನಲ್ಲಿ ಬರೆದ 100ಕ್ಕೆ 100. ರಾತ್ರಿ ಒಂಬತ್ತಾಯಿತೆಂದರೆ ಮಾತ್ರ ಬೇರೆ ಮುಖ. ಫಾಸ್ಟ್ ಲೋಕಲ್ ರೈಲುಗಳೆಲ್ಲ ಜನರನ್ನು ಇಳಿಸಿ ಹೋಗಿರುತ್ತವೆ, ಪ್ರತಿ ಮನೆಯಲ್ಲೂ ನಾಲ್ಕು ಫೋನು, ಐಪಿಎಲ್ ಇದ್ದರಂತೂ ಕೇಳಲೇಬೇಡಿ. ನಮ್ಮ ಡಬ್ಬಿ ಮಾತಾಡುವುದೂ ಅದೇ ಟವರಿನ ಜೊತೆ. ಫೋನಿನಲ್ಲಿ ಕಾಣುವ ಕಡ್ಡಿಗಳು ಸಿಗ್ನಲ್ ಎಷ್ಟು ಜೋರಾಗಿದೆ ಎಂದಷ್ಟೇ ಹೇಳುತ್ತವೆ, ಆ ಟವರನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂದಲ್ಲ. ಹಾಗಾಗಿ ಕಡ್ಡಿ ಪೂರ್ತಿ ಇದ್ದರೂ ವೀಡಿಯೊ ತಿರುಗುತ್ತಲೇ ಇರುತ್ತದೆ. ಅತ್ತೆಯ ಮಾತಿನಲ್ಲೇ ಹೇಳಿದರೆ: ‘ಎಂತ ಮಾರಾಯ್ತಿ, ಭಾಗವತ್ರು ಬಾಯಿ ತೆರೆದದ್ದು ಮುಚ್ಚಲೇ ಇಲ್ಲ!’

ಇನ್ನೊಂದು, ಅಪ್‌ಲೋಡ್. ಡೌನ್‌ಲೋಡ್ 100 ಇದ್ದ ಹೊತ್ತಿನಲ್ಲೂ ನಮ್ಮಲ್ಲಿ ಅಪ್‌ಲೋಡ್ 10ರ ಆಸುಪಾಸು. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ನಾನು ತಿಂಗಳ ಕೊನೆಗೆ ಬಿಲ್ಲುಗಳ ಸ್ಕ್ಯಾನ್ ಕಳಿಸುವವಳು, ನನಗೆ ಚೆನ್ನಾಗಿ ಗೊತ್ತಾಯಿತು. ಕೋಟಾದಲ್ಲೂ ವ್ಯತ್ಯಾಸ ಇದೆ. ನಾನು ನೋಡಿದ ಪ್ಲಾನ್‌ಗಳಲ್ಲಿ 5ಜಿ ಡಬ್ಬಿಗೆ ತಿಂಗಳಿಗೆ 1000 ಜಿಬಿ, ಫೈಬರಿಗೆ 3300. ನಾಲ್ಕು ಜನರ ಮನೆಗೆ ಸಾವಿರವೂ ಖರ್ಚಾಗುವುದಿಲ್ಲ, ಹಾಗಾಗಿ ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ದರ ನೋಡುವಾಗ ಮಾತ್ರ ಶೇ 18 ಜಿಎಸ್‌ಟಿ ಸೇರಿಸಿಕೊಂಡು ನೋಡಿ. 599 ಎಂದರೆ ಕೈಯಿಂದ ಹೋಗುವುದು 707.

ಮಳೆ ಬಂದರೆ ಗಾಳಿಯ ನೆಟ್ ಹೋಗುತ್ತದೆ ಎಂದು ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ನಂಬಿಕೆ. ಡಿಶ್ ಟಿವಿ ನೋಡಿ ಬಂದ ನಂಬಿಕೆ ಅದು. ಉಪಗ್ರಹದಿಂದ ಟಿವಿಗೆ ಬರುವ ತರಂಗ 10 ಗಿಗಾಹರ್ಟ್ಸ್‌ಗಿಂತ ಮೇಲಿನದು, ಜೋರು ಮಳೆ ಅದನ್ನು ನುಂಗುತ್ತದೆ. 3.5 ಗಿಗಾಹರ್ಟ್ಸ್‌ನ 5ಜಿಗೆ ಮಳೆಯಿಂದ ಅಂಥ ಪೆಟ್ಟಿಲ್ಲ. ಜುಲೈ ಮಳೆಯಲ್ಲಿ ನಮ್ಮ ಡಬ್ಬಿ ನಿಂತದ್ದು ಬಿಲ್ಡಿಂಗಿನ ಕರೆಂಟ್ ಹೋದಾಗ ಮಾತ್ರ.

ಈಗ ಕೇಬಲ್. ಮೊದಲು ಟಿವಿ ಕೇಬಲ್ ಕೊಡುತ್ತಿದ್ದವರೇ ಈಗ ನಮ್ಮ ಗಲ್ಲಿಗೆ ಫೈಬರ್ ಎಳೆದಿದ್ದಾರೆ. ಟೆರೇಸಿನಿಂದ ಟೆರೇಸಿಗೆ ಹಾರುವ ತೆಳ್ಳನೆ ಕಪ್ಪು ವಯರು. ನೋಡಲು ಅವತಾರವೇ ಸರಿ. ಆದರೆ ಬೆಳಿಗ್ಗೆ 100 ಇದ್ದದ್ದು ರಾತ್ರಿಯೂ 100. ಅಪ್‌ಲೋಡೂ ಅಷ್ಟೇ. ಮುಂಬಯಿ ಸರ್ವರಿಗೆ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) ನಾಲ್ಕೈದು ಮಿಲಿಸೆಕೆಂಡು, 5ಜಿ ಡಬ್ಬಿಯಲ್ಲಿ ಅದು ಬೆಳಿಗ್ಗೆ ಇಪ್ಪತ್ತೈದು, ರಾತ್ರಿ ಎಂಬತ್ತರವರೆಗೂ ಏರುತ್ತಿತ್ತು. ಮೀಟಿಂಗ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ‘ನೀವು ಹೇಳಿ’ ಎಂದು ಸುಮ್ಮನಾಗುವುದು ಇದರಲ್ಲಿ ಕಡಿಮೆಯಾಯಿತು. (ಸಮುದ್ರದಡಿಯಿಂದ ಬರುವ ಹಲವು ಇಂಟರ್ನೆಟ್ ಕೇಬಲ್‌ಗಳು ದಡ ಹತ್ತುವುದು ಇಲ್ಲೇ ಮುಂಬಯಿಯ ವರ್ಸೋವಾದಲ್ಲಿ. ಸಮುದ್ರ ದಾಟಿ ಬಂದದ್ದು ನಮ್ಮ ಮೂರನೇ ಮಾಳಿಗೆ ಹತ್ತಲು ಇಷ್ಟು ಹೆಣಗಬೇಕಾ ಎಂದು ನಮ್ಮ ಯಜಮಾನರ ತಮಾಷೆ.)

ಕೇಬಲ್ಲಿನ ಕಷ್ಟ ಬೇರೆಯದು. ಇರುವಾಗ ಪೂರ್ತಿ ಇರುತ್ತದೆ, ಹೋದರೆ ಪೂರ್ತಿ ಹೋಗುತ್ತದೆ. ಇಲಿ ಕಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮರದ ಕೊಂಬೆ ಕಡಿಯುವಾಗ ತುಂಡಾಗುತ್ತದೆ. ಗಣಪತಿ ಸಮಯದಲ್ಲಿ ಎತ್ತರದ ಮೂರ್ತಿ ಹೋಗುವ ದಾರಿಯಲ್ಲಿ ಜೋತುಬಿದ್ದ ವಯರ್‌ಗಳನ್ನೆಲ್ಲ ಬಿದಿರಿನಿಂದ ಎತ್ತುತ್ತಾರೆ, ಆಗಲೂ ಒಂದೆರಡು ಹೋಗುತ್ತವೆ. ರೂಟರ್ ಮೇಲೆ ಎಲ್‌ಒಎಸ್ ಎಂದು ಬರೆದ ಕಡೆ ಕೆಂಪು ದೀಪ ಮಿಣುಕಿದರೆ ರೂಟರನ್ನು ಹತ್ತು ಸಲ ಆಫ್ ಆನ್ ಮಾಡಿ ಲಾಭವಿಲ್ಲ. ಫೈಬರಿನೊಳಗೆ ಡೇಟಾ ಹೊತ್ತು ತರುವ ಬೆಳಕು ಬರುತ್ತಿಲ್ಲ ಎಂದರ್ಥ, ಲೈನ್‌ಮನ್‌ಗೇ ಫೋನ್ ಮಾಡಬೇಕು.

ಅವನು ಜೋಡಿಸುವುದನ್ನು ಒಮ್ಮೆ ಟೆರೇಸಿನಲ್ಲಿ ನಿಂತು ನೋಡಿದೆ. ವಯರಿನ ಸಿಪ್ಪೆ ತೆಗೆದರೆ ಒಳಗೆ ಗಾಜಿನ ಎಳೆ, ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಸ್ಪಿರಿಟ್ ಹಚ್ಚಿ ಒರೆಸಿದ, ಸಣ್ಣ ಕತ್ತಿಯಲ್ಲಿ ತುದಿ ನೇರ ಮಾಡಿದ. ಎರಡೂ ತುದಿಗಳನ್ನು ಟಿಫಿನ್ ಡಬ್ಬಿಯಷ್ಟು ದೊಡ್ಡ ಮಷಿನ್ನಿನಲ್ಲಿಟ್ಟು ಮುಚ್ಚಿದ. ಅದರ ಪುಟ್ಟ ಪರದೆಯಲ್ಲಿ ಎರಡು ತುದಿಗಳು ಎದುರುಬದುರು ಬಂದವು, ಒಳಗೆ ಕಿಡಿ ಹಾರಿತು, ಒಂದಾದವು. ಕೆಳಗಿಳಿದು ಬರುವಷ್ಟರಲ್ಲಿ ಕೆಂಪು ದೀಪ ಆರಿತ್ತು. ಫೋನ್ ಮಾಡಿದರೆ ಅದೇ ದಿನ ಬರುವ ಲೈನ್‌ಮನ್ ನಿಮ್ಮ ಗಲ್ಲಿಯಲ್ಲಿದ್ದಾನೋ ಇಲ್ಲವೋ, ಪ್ಲಾನಿಗಿಂತ ಮೊದಲು ಅದನ್ನು ವಿಚಾರಿಸಿ. ಹಾಗೆ ಬರುವವರಿಲ್ಲದ ಕಡೆ ನಾನಾದರೆ 5ಜಿ ಡಬ್ಬಿಯನ್ನೇ ಇಟ್ಟುಕೊಳ್ಳುತ್ತಿದ್ದೆ. ಬಾಡಿಗೆ ಮನೆಯಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಮನೆ ಬದಲಿಸುವವರಿಗೂ ಡಬ್ಬಿಯೇ ವಾಸಿ. ನಮ್ಮದು ಸ್ವಂತ ಮನೆ, ಲೈನ್‌ಮನ್ ಪಕ್ಕದ ಗಲ್ಲಿಯವನು. ಕೇಬಲ್ ಉಳಿಯಿತು, ಡಬ್ಬಿ ವಾಪಸ್ ಹೋಯಿತು.

ಕೇಬಲ್ಲಿಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ದೇವೆ. ಕರೆಂಟ್ ಹೋದರೂ ರೂಟರ್ ಒಂದೆರಡು ಗಂಟೆ ನಡೆಯುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಮೇಲಿನಿಂದ ಇಳಿಸಿ ಹಾಲ್ ಗೋಡೆಗೆ ಹಾಕಿದ ಮೇಲೆ ಅತ್ತೆಯ ಕೋಣೆಗೂ ವೈಫೈ ಸರಿಯಾಗಿ ಬಂತು. ಮೀಟಿಂಗ್‌ಗೆ 5 ಗಿಗಾಹರ್ಟ್ಸ್ ವೈಫೈ ಬಳಸಿ. ರೂಟರಿನ ಇನ್ನೊಂದು ವೈಫೈ, 2.4 ಗಿಗಾಹರ್ಟ್ಸ್‌ನದ್ದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಇಡೀ ಬಿಲ್ಡಿಂಗ್ ಅದರಲ್ಲೇ ಕೂತಿರುತ್ತದೆ.

ಮನೆಯ ನೆಟ್ ಮಾತು ಇಷ್ಟು. ಲೋಕಲ್ ರೈಲಿನಲ್ಲಿ ಕಿವಿಗೆ ಹಾಕುವ ಇಯರ್‌ಫೋನಿನದ್ದು ಬೇರೆಯೇ ಪೈಪೋಟಿ. ಲೇಡೀಸ್ ಡಬ್ಬದಲ್ಲಿ ವಯರ್ ಇಯರ್‌ಫೋನ್ ದಾದರ್ ಬರುವವರೆಗೆ ಸರಿ. ಇಳಿಯುವಾಗ ಯಾರದ್ದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಫೋನನ್ನೂ ಎಳೆದುಕೊಂಡು ಹೋಗುತ್ತದೆ. ವಯರಿಲ್ಲದ ಇಯರ್‌ಬಡ್ ತೂಕವೇ ಇಲ್ಲ, ಶಬ್ದವೂ ಚೆನ್ನ. ಆದರೆ ನೂಕುನುಗ್ಗಲಲ್ಲಿ ಒಂದು ಬಿದ್ದು ಪ್ಲಾಟ್‌ಫಾರ್ಮ್ ಸಂದಿಗೆ ಹೋದರೆ ಮುಗಿಯಿತು. ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್‌ನಲ್ಲಿ ನಡೆಯುವುದು, ಮೈಯಲ್ಲಿರುವ ನೀರಿಗೆ ಆ ತರಂಗ ಸೊರಗುತ್ತದೆ. ಫೋನು ಬ್ಯಾಗಿನ ತಳದಲ್ಲಿದ್ದು ನಡುವೆ ನಾಲ್ಕು ಜನ ಒತ್ತಿಕೊಂಡು ನಿಂತರೆ ಹಾಡು ತುಂಡು ತುಂಡು. ರೈಲಿಗೆ ನನ್ನ ಓಟು ನೆಕ್‌ಬ್ಯಾಂಡಿಗೆ. ಕಿವಿಯಿಂದ ಜಾರಿದರೂ ಕುತ್ತಿಗೆಯಲ್ಲಿ ಉಳಿಯುತ್ತದೆ.

ಮನೆಯ ಮೀಟಿಂಗ್‌ಗೆ ಮಾತ್ರ ಈಗಲೂ ವಯರಿನದ್ದೇ. ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಆನ್ ಆದ ಕೂಡಲೇ ಅದು ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ. ಕೇಳುವ ದನಿ ಹಳೇ ರೇಡಿಯೊ ದನಿಯಾಗುತ್ತದೆ, ನಮ್ಮ ದನಿಯೂ ಆಚೆಯವರಿಗೆ ಹಾಗೇ ಕೇಳುತ್ತದೆ. ಹೊಸ ಫೋನುಗಳಲ್ಲಿ 3.5 ಮಿಲಿಮೀಟರ್ ತೂತು ಹೋಯಿತು ಎಂದು ಕೊರಗುವವರು ಒಂದು ಟೈಪ್-ಸಿ ವಯರ್ ಇಯರ್‌ಫೋನ್ ಕೊಳ್ಳಿ. ಹೊಸ ಲ್ಯಾಪ್‌ಟಾಪಿಗೂ ಅದನ್ನೇ ಚುಚ್ಚಬಹುದು.