ಕ್ಲೋರ್‌ಹೆಕ್ಸಿಡಿನ್ ಜೆಲ್ ಡ್ರೆಸಿಂಗ್: ಐಸಿಯುವಿನಲ್ಲಿ ದೀರ್ಘಕಾಲ ಬಳಸಿದ ಮೇಲೆ

ಐಸಿಯು ನರ್ಸ್ ಆಗಿ, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ತೆಳು ಕೊಳವೆ) ಇರುವ ರೋಗಿಗಳಿಗೆ ಶೇ 2ರಷ್ಟು ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದ ಜೆಲ್ ಪ್ಯಾಡ್ ಇರುವ ಪಾರದರ್ಶಕ ಡ್ರೆಸಿಂಗನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬಿಚ್ಚದೆಯೇ ಲೈನ್ ಚರ್ಮದೊಳಗೆ ಹೋಗುವ ಜಾಗ ಕಾಣುವುದು ಇದರ ದೊಡ್ಡ ಗುಣ; ಆ ಜಾಗ ಕೆಂಪಾಗಿದೆಯೇ, ಕೀವು ಜಿನುಗುತ್ತಿದೆಯೇ, ಹೊಲಿಗೆ ಬಿಟ್ಟಿದೆಯೇ ಎಂದು ಪ್ರತಿ ಪಾಳಿಯಲ್ಲೂ ನೋಡಬಹುದು. ಗಾಜ್ (ಹತ್ತಿಯ ಜಾಳು ಬಟ್ಟೆ) ಹಾಕಿದರೆ ಈ ಅನುಕೂಲವಿಲ್ಲ, ಎರಡು ದಿನಕ್ಕೊಮ್ಮೆ ಬದಲಿಸಲೂ ಬೇಕು.

ಪಾರದರ್ಶಕ ಡ್ರೆಸಿಂಗ್‌ಗೆ ಏಳು ದಿನಗಳ ಅವಧಿ ಹೇಳಿದ್ದರೂ, ಅಂಚು ಪೂರ್ತಿ ಅಂಟಿಕೊಂಡು ಒಳಗೆ ಒಣಗಿರುವವರೆಗೆ ಮಾತ್ರ ಆ ಲೆಕ್ಕ ನಡೆಯುತ್ತದೆ. ಕುತ್ತಿಗೆಯ ಲೈನ್‌ಗಳಲ್ಲಿ ಅದು ಕಷ್ಟ. ಗಡ್ಡದ ಕೂದಲು, ಬೆವರು, ರೋಗಿ ತಲೆ ಹೊರಳಿಸುವುದು, ಪಕ್ಕದಲ್ಲೇ ಟ್ರೇಕಿಯಾಸ್ಟಮಿ (ಉಸಿರಾಟಕ್ಕಾಗಿ ಕುತ್ತಿಗೆಯಲ್ಲಿ ಮಾಡಿದ ರಂಧ್ರ) ಇದ್ದರೆ ಅಲ್ಲಿಂದ ಇಳಿಯುವ ಕಫ, ಇವೆಲ್ಲ ಸೇರಿ ವಾರ ತುಂಬುವ ಮೊದಲೇ ಮೂಲೆ ಎದ್ದುಬಿಡುತ್ತದೆ. ಎದ್ದ ಮೂಲೆಗೆ ಟೇಪ್ ಹಚ್ಚಿ ದಿನ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಚರ್ಮದ ಮೇಲಿನ ರೋಗಾಣುಗಳು ಲೈನ್‌ನ ಹೊರಮೈಗುಂಟ ರಕ್ತಕ್ಕೆ ಇಳಿಯುವ ದಾರಿ ಅಲ್ಲೇ ಇದೆ. ಮೂರು ದಿನದ ಬದಲಿಗೆ ಏಳು ದಿನಕ್ಕೊಮ್ಮೆ ಬದಲಿಸಿದರೂ ತೊಂದರೆಯಿಲ್ಲವೆಂದು ಫ್ರಾನ್ಸಿನ ಏಳು ಐಸಿಯುಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಕಿತ್ತುಬಂದ ಡ್ರೆಸಿಂಗ್‌ನಿಂದ ಸೋಂಕಿನ ಅಪಾಯ ಏರುತ್ತದೆಂದು ಮುಂದೆ ಅದೇ ಮಾಹಿತಿಯಿಂದಲೇ ಕಂಡುಬಂದಿತು.

ಲೈನ್ ಹಾಕಿದ ಮೊದಲ ದಿನ ರಕ್ತ ಜಿನುಗುತ್ತಿದ್ದರೆ ಗಾಜ್ ಬಟ್ಟೆಯೇ ಮೇಲು. ಜೆಲ್ ದ್ರವವನ್ನು ಹೀರಿ ಉಬ್ಬುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ತಗ್ಗು ಹಾಗೆಯೇ ಉಳಿದರೆ ಡ್ರೆಸಿಂಗ್ ಬದಲಿಸಲೇಬೇಕು.

ಅಂಟು ನಿಲ್ಲುವುದಿಲ್ಲವೆಂದು ದೂರುವವರು ಚರ್ಮ ಒಣಗಿತ್ತೇ ಎಂಬುದನ್ನು ಮೊದಲು ನೋಡಬೇಕು. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಅರ್ಧ ನಿಮಿಷ ಉಜ್ಜಿದ ಮೇಲೆ, ಒರೆಸದೆ, ಬೀಸದೆ, ತಾನಾಗಿಯೇ ಒಣಗಲು ಬಿಡಬೇಕು. ಹಸಿ ಚರ್ಮಕ್ಕೆ ಅಂಟೂ ಹಿಡಿಯದು, ಚರ್ಮವೂ ಕೆರಳುತ್ತದೆ. ಬಿಚ್ಚುವಾಗ ಒಂದು ಕೈಯಿಂದ ಲೈನ್ ಹಿಡಿದು, ಅಂಚನ್ನು ಚರ್ಮಕ್ಕೆ ಸಮನಾಗಿ ನಿಧಾನವಾಗಿ ಸುಲಿಯಬೇಕು. ಮೇಲಕ್ಕೆ ಸೆಳೆದರೆ ವಯಸ್ಸಾದವರ ತೆಳುಚರ್ಮ ಕಿತ್ತುಬರುತ್ತದೆ.

ವಯಸ್ಕರಿಗೆ ನಾನು ಇದನ್ನೇ ಆರಿಸುತ್ತೇನೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಚರ್ಮಕ್ಕೆ ಇದು ಸಲ್ಲದು. ಕ್ಲೋರ್‌ಹೆಕ್ಸಿಡಿನ್ ಅಲರ್ಜಿ ಅಪರೂಪವಾದರೂ ಪ್ರಾಣಾಂತಿಕವಾಗಬಲ್ಲದು. ಆದ್ದರಿಂದ ಡ್ರೆಸಿಂಗ್ ಹಾಕುವ ಮುನ್ನ ರೋಗಿಯನ್ನೋ ಮನೆಯವರನ್ನೋ ಆ ಬಗ್ಗೆ ಕೇಳಿ ಚಾರ್ಟಿನಲ್ಲಿ ಬರೆದಿಡಬೇಕು.