ಒಂದೇ ಗುಡ್ಡಸಾಲು, ಮೂರು ಇಳಿಜಾರು

ಒಂದೇ ಗುಡ್ಡಸಾಲು, ಒಂದೇ ಎತ್ತರದ ದತ್ತಾಂಶ. ಆದರೂ ಗೂಗಲ್‌ನ ನಕ್ಷೆ-ಲೆಕ್ಕದ ವೇದಿಕೆ ಅರ್ಥ್ ಎಂಜಿನ್, ಎತ್ತರದ ದತ್ತಾಂಶ ಹಂಚುವ ಜಾಲತಾಣ ಓಪನ್‌ಟೊಪೋಗ್ರಫಿ ಮತ್ತು ಕ್ಲೌಡ್‌ನಲ್ಲಿ ಓಡುವ ಪೈಥಾನ್ ನೋಟ್‌ಬುಕ್, ಈ ಮೂರರಲ್ಲಿ ಲೆಕ್ಕ ಹಾಕಿದಾಗ ಇಳಿಜಾರು ಮೂರು ಥರ ಬಂತು. ಮೂರಕ್ಕೂ ಕೊಟ್ಟಿದ್ದು ಯುರೋಪಿನ ಭೂ ವೀಕ್ಷಣಾ ಯೋಜನೆ ಕೋಪರ್ನಿಕಸ್‌ನ ಡಿಇಎಂ, ಅಂದರೆ ಪ್ರತಿ 30 ಮೀಟರ್ ಪಿಕ್ಸೆಲ್‌ಗೊಂದು ಎತ್ತರ ಹೇಳುವ ನಕ್ಷೆ. ಹಾಗಾದರೆ ವ್ಯತ್ಯಾಸ ಬಂದದ್ದೆಲ್ಲಿಂದ?

ಮೊದಲು ಅರ್ಥ್ ಎಂಜಿನ್. ಏನೂ ಇಳಿಸಿಕೊಳ್ಳಬೇಕಿಲ್ಲ, ನಾಲ್ಕು ಸಾಲು ಕೋಡ್ ಬರೆದರೆ ಇಡೀ ಖಂಡದ ಇಳಿಜಾರು ಕಣ್ಣ ಮುಂದೆ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನಕ್ಷೆಯನ್ನು ಝೂಮ್ ಔಟ್ ಮಾಡಿದಂತೆ ಅದೇ ಜಾಗದ ಇಳಿಜಾರು ಕಡಿಮೆಯಾಗುತ್ತಾ ಹೋಯಿತು. ಪರದೆಯಲ್ಲಿ ಕಾಣುವ ಮಟ್ಟಕ್ಕೆ ತಕ್ಕಂತೆ ಪಿಕ್ಸೆಲ್‌ಗಳ ಸರಾಸರಿ ತೆಗೆದು ಅದು ಲೆಕ್ಕ ಹಾಕುತ್ತದೆ, ಸರಾಸರಿಯಲ್ಲಿ ಕಡಿದಾದ ಬದಿಗಳು ಸವೆದುಹೋಗುತ್ತವೆ. ಇನ್ನೊಂದು ತಪ್ಪು ನನ್ನದೇ. ಕೋಪರ್ನಿಕಸ್ ಅಲ್ಲಿ ಚಿತ್ರಗಳ ಗುಂಪಾಗಿ ಇದೆ. ಅವನ್ನು ಒಂದೇ ಚಿತ್ರವಾಗಿ ಹೊಲಿದ (ಮೊಸಾಯಿಕ್ ಮಾಡಿದ) ಕೂಡಲೇ ಮೂಲ ಪ್ರೊಜೆಕ್ಷನ್, ಅಂದರೆ ಭೂಮಿಯನ್ನು ಪಿಕ್ಸೆಲ್‌ಗಳಿಗೆ ಹೊಂದಿಸುವ ಚೌಕಟ್ಟು, ಬಿಟ್ಟುಹೋಗಿ, ಪಿಕ್ಸೆಲ್‌ಗೆ 1 ಡಿಗ್ರಿ ಅಳತೆಯ ಪೂರ್ವನಿಯೋಜಿತ ಪ್ರೊಜೆಕ್ಷನ್ ಉಳಿಯುತ್ತದೆ. ಸೆಟ್ ಡಿಫಾಲ್ಟ್ ಪ್ರೊಜೆಕ್ಷನ್ ಎಂಬ ಒಂದು ಸಾಲು ಸೇರಿಸಿ, ಮೌಲ್ಯ ಕೇಳುವಾಗಲೆಲ್ಲ ಸ್ಕೇಲ್ 30 ಎಂದು ಬರೆದ ಮೇಲೆಯೇ ಸಂಖ್ಯೆಗಳು ನಿಂತವು.

ನಿಂತರೂ ನೋಟ್‌ಬುಕ್‌ನಲ್ಲಿ ಲೆಕ್ಕ ಹಾಕುವ ಜಿಡಾಲ್ ಎಂಬ ತಂತ್ರಾಂಶದ ಜೊತೆ ತಾಳೆಯಾಗಲಿಲ್ಲ. ಇದಕ್ಕೆ ಕಾರಣ ಸೂತ್ರ. ಅರ್ಥ್ ಎಂಜಿನ್ ಪಕ್ಕದ 4 ಪಿಕ್ಸೆಲ್ ನೋಡುತ್ತದೆ. ಜಿಡಾಲ್ ತಾನಾಗಿ ಬಳಸುವ ಹಾರ್ನ್ ಸೂತ್ರ 8 ನೋಡುತ್ತದೆ. ಸಮತಟ್ಟು ನೆಲದಲ್ಲಿ ಒಂದೇ ಒಂದು ಪಿಕ್ಸೆಲ್ ತಪ್ಪಾಗಿ 12 ಮೀಟರ್ ಮೇಲೆದ್ದಿದೆ ಅಂದುಕೊಳ್ಳಿ. ಅದರ ಪೂರ್ವದ ಪಿಕ್ಸೆಲ್‌ಗೆ ಮೊದಲ ಸೂತ್ರದಲ್ಲಿ 12 ಭಾಗಿಸು 60 (ಎರಡು ಬದಿಯ ಪಿಕ್ಸೆಲ್‌ಗಳ ನಡುವಿನ ಅಂತರ), ಅಂದರೆ 11.3 ಡಿಗ್ರಿ. ನೇರ ಪಕ್ಕದ ಪಿಕ್ಸೆಲ್‌ಗೆ ಇಮ್ಮಡಿ ತೂಕ ಕೊಟ್ಟು 8 ಪಟ್ಟು 30ರಿಂದ ಭಾಗಿಸುವ ಹಾರ್ನ್‌ನಲ್ಲಿ 24 ಭಾಗಿಸು 240, ಅಂದರೆ 5.7 ಡಿಗ್ರಿ. ಆದರೆ ಮೂಲೆಯ ಪಿಕ್ಸೆಲ್‌ಗಳಿಗೆ ಮೊದಲನೆಯದು ಸೊನ್ನೆ ಕೊಟ್ಟರೆ ಹಾರ್ನ್ 4 ಡಿಗ್ರಿ ಕೊಡುತ್ತದೆ. ಮೊದಲ ಸೂತ್ರ ತಪ್ಪನ್ನು ಚೂಪಾಗಿ ತೋರಿಸುತ್ತದೆ, ಹಾರ್ನ್ ಅದನ್ನು ಸುತ್ತಲೂ ಹರಡುತ್ತದೆ. ಈ ಡಿಇಎಂ ರೇಡಾರ್‌ನಿಂದ ಅಳೆದದ್ದು, ಅದರಲ್ಲಿ ಬರುವ ಇಂಥ ಸಣ್ಣ ತಪ್ಪುಗಳ ಗದ್ದಲಕ್ಕೆ ನನಗೆ ಹಾರ್ನ್ ವಾಸಿ.

ಓಪನ್‌ಟೊಪೋಗ್ರಫಿಯಲ್ಲಿ ಕೋಡ್ ಬೇಕಿಲ್ಲ. ನಕ್ಷೆಯ ಮೇಲೆ ಚೌಕ ಎಳೆದು, ಬೇಕಾದ್ದನ್ನು ಗುರುತು ಮಾಡಿದರೆ ಜಿಯೋಟಿಫ್ (ಸ್ಥಳದ ಮಾಹಿತಿ ಸೇರಿದ ಚಿತ್ರದ ಕಡತ) ಕೈಗೆ ಬರುತ್ತದೆ. ಒಂದೇ ಜಾಗದ ಹಿಲ್‌ಶೇಡ್ (ನೆರಳು-ಬೆಳಕಲ್ಲಿ ಗುಡ್ಡ ತೋರಿಸುವ ಚಿತ್ರ) ಬೇಕಾದವರು ಬೇರೆಲ್ಲೂ ಹೋಗುವುದು ಬೇಡ. ನೂರು ಜಾಗಕ್ಕೆ ಹೀಗೆ ಕೈಯಾರೆ ಚೌಕ ಎಳೆಯುವುದು ಆಗದ ಮಾತು.

ನೋಟ್‌ಬುಕ್‌ನಲ್ಲಿ ಕೆಲಸ ಜಾಸ್ತಿ, ಹಿಡಿತವೂ ಜಾಸ್ತಿ. ಕ್ಲೌಡ್‌ಗೆಂದೇ ಜೋಡಿಸಿದ ಜಿಯೋಟಿಫ್‌ನಿಂದ ಬೇಕಾದಷ್ಟು ಭಾಗವನ್ನು ಮಾತ್ರ ಓದಬಹುದು. ಎತ್ತರ ಮೀಟರ್‌ನಲ್ಲಿ, ಅಡ್ಡಳತೆ ಡಿಗ್ರಿಯಲ್ಲಿ ಇರುವಾಗಲೇ ಲೆಕ್ಕಕ್ಕೆ ಇಳಿದು, ಎಲ್ಲ ಕಡೆ ಇಳಿಜಾರು 90 ಡಿಗ್ರಿ ಹತ್ತಿರ ಬಂದದ್ದನ್ನು ನೋಡಿ ಬೆಚ್ಚಿದ್ದೇನೆ. ಅಡ್ಡಳತೆಯೂ ಮೀಟರ್‌ನಲ್ಲಿರುವ ಯುಟಿಎಂ ಪ್ರೊಜೆಕ್ಷನ್‌ಗೆ ಬದಲಿಸಿ, ಆಗಲೂ ಬೈಲೀನಿಯರ್ (ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳಿಂದ ಮೌಲ್ಯ ಅಂದಾಜಿಸುವ ವಿಧಾನ) ಆಯ್ದುಕೊಳ್ಳಿ. ಹತ್ತಿರದ ಪಿಕ್ಸೆಲ್ ವಿಧಾನದಲ್ಲಿ ಇಳಿಜಾರಿನ ಮೇಲೆ ಗೆರೆಗೆರೆ ಪಟ್ಟೆ ಏಳುತ್ತವೆ.

ನೀರಿನ ವಿಷಯಕ್ಕೆ ಬಂದರೆ ನೋಟ್‌ಬುಕ್ಕೇ ಗೆದ್ದಿತು. ನೀರು ಎಲ್ಲಿ ನಿಲ್ಲಬಹುದೆಂದು ಹೇಳುವ ತೇವಾಂಶ ಸೂಚ್ಯಂಕಕ್ಕೆ ಮೇಲಿನಿಂದ ಹರಿದು ಬರುವ ಜಾಗದ ವಿಸ್ತಾರ ಬೇಕು, ಅಂದರೆ ಇಡೀ ಜಲಾನಯನವನ್ನು ಒಟ್ಟಿಗೆ ನೋಡಬೇಕು. ತುಂಡು ತುಂಡಾಗಿ ಲೆಕ್ಕ ಹಾಕುವ ಅರ್ಥ್ ಎಂಜಿನ್‌ಗೆ ಇದು ಒಗ್ಗುವುದಿಲ್ಲ. ಅಲ್ಲಿ ಸಿದ್ಧವಾಗಿ ಸಿಗುವ ನೀರಿನ ಹರಿವಿನ ದತ್ತಾಂಶ ಮೆರಿಟ್ ಹೈಡ್ರೋ ಸುಮಾರು 90 ಮೀಟರ್‌ನದು. ಅದನ್ನು 30 ಮೀಟರ್ ಇಳಿಜಾರಿನ ಮೇಲೆ ಹೊದಿಸಿದಾಗ ತೊರೆ ಕಣಿವೆ ಬಿಟ್ಟು ಬದಿಯ ದಿಬ್ಬ ಹತ್ತಿತ್ತು. ನೋಟ್‌ಬುಕ್‌ನಲ್ಲಿ ವೈಟ್‌ಬಾಕ್ಸ್‌ಟೂಲ್ಸ್ ಎಂಬ ತಂತ್ರಾಂಶದಿಂದ, ಹರಿವನ್ನು ತಡೆಯುವ ತಗ್ಗುಗಳನ್ನು ತುಂಬುವ ಬದಲು ಕೊರೆದು ದಾರಿ ಬಿಟ್ಟೆ, ತೊರೆ ಕಣಿವೆಗೇ ಇಳಿಯಿತು.

ಮೂರಕ್ಕೂ ಮೀರಿದ ತೊಡಕು ಒಂದಿದೆ. ಈ ಡಿಇಎಂ ಮರದ ನೆತ್ತಿಯನ್ನೂ ನೆಲವೆಂದೇ ಎಣಿಸುತ್ತದೆ. ಬಯಲಿನ ಅಂಚಿಗೆ 20 ಮೀಟರ್ ಎತ್ತರದ ಕಾಡು ನಿಂತಿದ್ದರೆ, ಆ ಗಡಿಯ ಪಿಕ್ಸೆಲ್‌ಗೆ 18 ಡಿಗ್ರಿ ಇಳಿಜಾರು. ಎರಡೂ ಸೂತ್ರಗಳು ಇಲ್ಲಿ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ ಈಗ ಕಾಡಿನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಅರ್ಥ್ ಎಂಜಿನ್‌ನಲ್ಲಿ ಜಾಗ ಆರಿಸುತ್ತೇನೆ, ಆಮೇಲೆ ಜಲಾನಯನದ ದಿಣ್ಣೆಯಾಚೆಗೂ ಸ್ವಲ್ಪ ಸೇರಿಸಿ ಕತ್ತರಿಸಿ ನೋಟ್‌ಬುಕ್‌ಗೆ ತರುತ್ತೇನೆ.